ಪದ ಎಣಿಸಿದರೆ ಸಾಕೇ? ಹಾಲಿದೆ ಎದಿಬ್ ಬದುಕು

ಅನುವಾದ ಚೆನ್ನಾಗಿದೆ ಅಂತ ಹೇಳುವುದು ಹೇಗೆ? ಮೂಲದ ಪದಗಳೆಲ್ಲ ಬಂದಿದ್ದರೆ ಸಾಕಾ? ಟರ್ಕಿಯ ಲೇಖಕಿ ಹಾಲಿದೆ ಎದಿಬ್ ಅವರ ಬದುಕು ಇದಕ್ಕೊಂದು ಉತ್ತರ. ಉರ್ದು ಬಲ್ಲವರಿಗೆ ಇವರು ಖಾಲಿದಾ ಅದೀಬ್ ಖಾನಂ.

1884ರಲ್ಲಿ ಇಸ್ತಾಂಬುಲ್‌ನಲ್ಲಿ ಹುಟ್ಟಿದ ಇವರು, ಹುಡುಗಿಯಾಗಿದ್ದಾಗಲೇ ತಾಯಂದಿರ ಕುರಿತ ಇಂಗ್ಲಿಷ್ ಪುಸ್ತಕವೊಂದನ್ನು ಟರ್ಕಿ ಭಾಷೆಗೆ ತಂದರು. ಸುಲ್ತಾನ್ ಅಬ್ದುಲ್ ಹಮೀದರ ಪದಕವೂ ಸಿಕ್ಕಿತು. 1901ರಲ್ಲಿ ಅಮೆರಿಕನ್ ಬಾಲಕಿಯರ ಕಾಲೇಜಿನಲ್ಲಿ ಓದು ಮುಗಿಸಿದರು. ಸ್ವಾತಂತ್ರ್ಯ ಸಮರದಲ್ಲಿ ದುಡಿದರೂ ಮುಸ್ತಫಾ ಕಮಾಲರೊಂದಿಗೆ ಭಿನ್ನಾಭಿಪ್ರಾಯ ಬಂದು ದೇಶ ಬಿಟ್ಟರು. 1935ರಲ್ಲಿ ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಉಪನ್ಯಾಸ ಕೊಟ್ಟರು.

ಅದೇ ವರ್ಷ ಅವರ ಇಂಗ್ಲಿಷ್ ಕಾದಂಬರಿಯೊಂದು ಲಂಡನ್ನಿನಲ್ಲಿ ಹೊರಬಂತು. ಹೆಸರು, ವಿದೂಷಕ ಮತ್ತು ಅವನ ಮಗಳು ಎಂಬರ್ಥದ್ದು. ಮರುವರ್ಷ ಅದನ್ನು ತಾವೇ ಟರ್ಕಿ ಭಾಷೆಯಲ್ಲಿ ಬರೆದಾಗ, ಕಥೆ ನಡೆಯುವ ಬೀದಿಯ ಹೆಸರನ್ನೇ ಇಟ್ಟರು: 'ಸಿನೆಕ್ಲಿ ಬಕ್ಕಾಲ್'. ಪದ ಎಣಿಸುವವರಿಗೆ ಇದು ತಪ್ಪು. ಓದುಗರಿಗೋ, ಅದು ತಮ್ಮದೇ ಕಾದಂಬರಿ. 1942ರಲ್ಲಿ ಬಹುಮಾನವೂ ಬಂತು.

1939ರಲ್ಲಿ ಊರಿಗೆ ಮರಳುವಷ್ಟರಲ್ಲಿ ಭಾಷೆಯೇ ಬದಲಾಗಿತ್ತು. 1928ರಲ್ಲಿ ಲಿಪಿ ಹೋಗಿತ್ತು, ಆಮೇಲೆ ಅರಬಿ, ಫಾರ್ಸಿ ಪದಗಳನ್ನೂ ಕಿತ್ತುಹಾಕಲು ಹೊರಟಿದ್ದರು. ಇಸ್ತಾಂಬುಲ್ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕಿಯಾಗಿ, 1941ರಲ್ಲಿ ವಾಹಿತ್ ತುರ್ಹಾನ್ ಜೊತೆ ಶೇಕ್ಸ್‌ಪಿಯರನ 'ಹ್ಯಾಮ್ಲೆಟ್' ಅನುವಾದಿಸಿದರು. ಆದರೆ ಯಾವ ಟರ್ಕಿ ಭಾಷೆಗೆ? ಅಜ್ಜಿಯದ್ದಕ್ಕಾ, ಮೊಮ್ಮಗಳದ್ದಕ್ಕಾ? ಅದೇ ನಾಟಕವನ್ನು ಮುಂದೆ ಬೇರೆಯವರೂ ಮತ್ತೆ ಮತ್ತೆ ಅನುವಾದಿಸಿದರು.

1964ರಲ್ಲಿ ಹಾಲಿದೆ ತೀರಿಕೊಂಡರು. ಅನುವಾದವನ್ನು ಅಳೆಯುವಾಗ ಎರಡು ಮಾತು ಕೇಳಬೇಕು ಅಂತ ಅವರ ಕೆಲಸವೇ ಹೇಳುತ್ತದೆ: ಮೂಲದ ಅರ್ಥ ಉಳಿದಿದೆಯಾ? ಓದುವವರ ಬಾಯಿಗೆ ಅದು ಹೊಂದುತ್ತದಾ?