ದಾದಿಯ ಹೆಸರಿನ ಬೆಟ್ಟ

ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವರು ಯಾರು ಅಂದ್ರೆ ಎಲ್ಲರೂ ಅಮುಂಡ್‌ಸೆನ್ ಅಂತ ಹೇಳ್ತೀವಿ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅಲ್ಲಿನ ಒಂದು ಬೆಟ್ಟಕ್ಕೆ ಅವರು ತಮ್ಮನ್ನು ಸಾಕಿದ ದಾದಿಯ ಹೆಸರಿಟ್ಟರು ಅಂತ ಓದಿದ ಮೇಲೆ ನನಗೆ ಅವರ ಬಗ್ಗೆ ಬರೆಯಲೇಬೇಕು ಅನ್ನಿಸಿತು.

ರೋಆಲ್ಡ್ ಅಮುಂಡ್‌ಸೆನ್ 1872ರ ಜುಲೈ 16ರಂದು ನಾರ್ವೆ ದೇಶದಲ್ಲಿ, ಹಡಗು ಇದ್ದವರ ಮನೆಯಲ್ಲಿ ಹುಟ್ಟಿದರು. ಅವರನ್ನು ಎತ್ತಿ ಆಡಿಸಿದ ದಾದಿಯ ಹೆಸರು ಬೆಟ್ಟಿ. ಮಗ ಡಾಕ್ಟರ್ ಆಗಲಿ ಅಂತ ತಾಯಿಗೆ ಆಸೆ. ಮಗನಿಗೋ ಹಿಮದ ಹುಚ್ಚು. ಮೈ ಗಟ್ಟಿಯಾಗಲಿ ಅಂತ ಚಳಿಗಾಲದಲ್ಲೂ ಕಿಟಕಿ ತೆರೆದು ಮಲಗುತ್ತಿದ್ದರಂತೆ! 1893ರಲ್ಲಿ ತಾಯಿ ತೀರಿಕೊಂಡರು. ಆಮೇಲೆ ಅವರು ಡಾಕ್ಟರ್ ಓದು ಬಿಟ್ಟು ಹಡಗು ಹತ್ತಿದರು.

1911ರ ಡಿಸೆಂಬರ್ 14ರಂದು ಐದು ಜನ ದಕ್ಷಿಣ ಧ್ರುವ ತಲುಪಿದರು. ಹೊರಟಾಗ ಜಾರುಬಂಡಿ ಎಳೆಯಲು 52 ನಾಯಿಗಳಿದ್ದವು. ವಾಪಸ್ ಬಂದದ್ದು 11 ಮಾತ್ರ. ಎಷ್ಟೋ ನಾಯಿಗಳನ್ನು ದಾರಿಯಲ್ಲೇ ಕೊಂದು, ಉಳಿದ ನಾಯಿಗಳಿಗೂ ಹಾಕಿ ತಾವೂ ತಿಂದರು. ಇದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ವಾಪಸ್ ಬರುವಾಗ, 1912ರ ಜನವರಿಯಲ್ಲಿ, ಹಿಮನದಿ ಇಳಿದು ಒಂದು ಬೆಟ್ಟದ ಹತ್ತಿರ ಬಂದರು. ಎಷ್ಟೋ ದಿನ ಬರೀ ಹಿಮ ತುಳಿದವರಿಗೆ ಅಲ್ಲಿ ಕಲ್ಲು ಕಂಡಿತು. ಅದೇ ಬೆಟ್ಟಿ ಬೆಟ್ಟ. ಅದೇನು ದೊಡ್ಡ ಶಿಖರವಲ್ಲ. ಆ ಕಡೆಯ 4000 ಮೀಟರಿಗೂ ಎತ್ತರದ ಪರ್ವತಕ್ಕೆ ಅವರು ತಮ್ಮ ದೇಶದ ದೊಡ್ಡ ಸಾಹಸಿ ನಾನ್ಸೆನ್ ಅವರ ಹೆಸರಿಟ್ಟಿದ್ದರು. ಬೆಟ್ಟಿ ಬೆಟ್ಟದ ಮೇಲೆ ಕಲ್ಲು ಪೇರಿಸಿ, 17 ಲೀಟರ್ ಸೀಮೆಎಣ್ಣೆ, ಬೆಂಕಿಪೊಟ್ಟಣ, ಒಂದು ಚೀಟಿ ಇಟ್ಟು ಹೋದರು.

1928ರ ಜೂನ್‌ನಲ್ಲಿ ಉತ್ತರ ಧ್ರುವದ ಕಡೆ ಆಪತ್ತಿಗೆ ಸಿಕ್ಕಿದ್ದ ನೊಬಿಲೆ ಅವರನ್ನು ಹುಡುಕಲು ವಿಮಾನದಲ್ಲಿ ಹೋದ ಅಮುಂಡ್‌ಸೆನ್ ತಿರುಗಿ ಬರಲೇ ಇಲ್ಲ. ದೇಹವೂ ಸಿಗಲಿಲ್ಲ. ಮುಂದಿನ ವರ್ಷ, 1929ರ ಡಿಸೆಂಬರ್‌ನಲ್ಲಿ, ಅಮೆರಿಕದ ಗೌಲ್ಡ್ ಮತ್ತು ಜೊತೆಗಾರರು ಆ ಕಲ್ಲುಗುಡ್ಡೆ ಕಂಡುಹಿಡಿದರು. ಸೀಮೆಎಣ್ಣೆ ಡಬ್ಬಿ ಹಾಗೇ ಇತ್ತು. ಚೀಟಿಯೂ ಸಿಕ್ಕಿತು.

ಇದನ್ನು ಅಜ್ಜಿಗೆ ಓದಿ ಹೇಳಿದೆ. ಅವರು ಧ್ರುವದ ಬಗ್ಗೆ ಏನೂ ಕೇಳಲಿಲ್ಲ. ಆ ಬೆಟ್ಟಿಯಮ್ಮ ತನ್ನ ಬೆಟ್ಟ ನೋಡಿದಳಾ ಅಂತ ಮಾತ್ರ ಕೇಳಿದರು. ಇಲ್ಲ ಅಜ್ಜಿ, ಅದು ಭೂಮಿಯ ಆ ತುದಿಯಲ್ಲಿದೆ ಅಂದೆ.