ಸಂಕಮ್ಮನ ಮೊರೆಗೆ ಓಗೊಟ್ಟ ಮಾದಪ್ಪ

ಉತ್ತರಾಜಮ್ಮನ ವರಪುತ್ರ ಶ್ರೀ ಮಹದೇಶ್ವರರು ಸುಮಾರು 14–15ನೇ ಶತಮಾನದವರೆಂದು ಪ್ರತೀತಿ. ಉತ್ತರ ದೇಶದಿಂದ ಬಂದು, ಸುತ್ತೂರು ಮಠದಲ್ಲಿ ರಾಗಿ ಬೀಸಿ, ಕೊಳ್ಳೇಗಾಲ ಸೀಮೆಯ ಕುಂತೂರು ಮಠದಲ್ಲಿದ್ದು, ಕಡೆಗೆ ಹುಲಿವಾಹನರಾಗಿ ಈಗಿನ ಹನೂರು ತಾಲ್ಲೂಕಿನ ಈ ಏಳುಮಲೆಯಲ್ಲಿ ನೆಲೆಸಿದರು.

ಸ್ವಾಮಿಯ ಮಹಿಮೆಯಲ್ಲಿ ಸಂಕಮ್ಮನ ಸಾಲನ್ನು ಕಂಸಾಳೆಯವರು ಇಂದಿಗೂ ಹಾಡುತ್ತಾರೆ. ಜೇನಿಗೆ ಹೊರಟ ಗಂಡ ನೀಲೇಗೌಡ ಅನುಮಾನಪಟ್ಟು ಅವಳನ್ನು ಗುಡಿಸಲಲ್ಲಿ ಕಟ್ಟಿಹಾಕಿ ಹೋದ. ಹೂವಿಲ್ಲ, ದೀಪವಿಲ್ಲ, ಕೈ ಮುಗಿಯೋಣವೆಂದರೆ ಕೈಗೂ ಬಿಡುವಿಲ್ಲ. ಇದ್ದದ್ದು ಒಂದು ಮನಸ್ಸು. ಅದನ್ನೇ ಮಾದಪ್ಪನಲ್ಲಿಟ್ಟು ಕೂಗಿದಳು. ಸ್ವಾಮಿ ಬಂದು ಕಾಪಾಡಿ, ಮಕ್ಕಳ ವರ ಕೊಟ್ಟರು. ಆ ಮಕ್ಕಳೇ ಕಾರಯ್ಯ, ಬಿಲ್ಲಯ್ಯ.

ಭಕ್ತಾದಿಗಳೇ, ಬಾಯಲ್ಲಿ ಉಘೇ ಉಘೇ, ಮನಸ್ಸು ಮನೆ ಕಡೆ ಆಗಬಾರದು. ಒಂದೇ ಸಲ ಕರೆದರೂ ಸಂಕಮ್ಮನ ಹಾಗೆ ಕರೆಯಿರಿ. ಮಾದಪ್ಪ ಕೈಬಿಡುವುದಿಲ್ಲ.