ಬೇಟೆಗಾರ ಡಾರ್ವಿನ್‌ನನ್ನು ಬೇಸ್ತು ಬೀಳಿಸಿದ ಪುಟ್ಟ ಜೀವಿಗಳು

ಚಾರ್ಲ್ಸ್ ಡಾರ್ವಿನ್ ಎಂದೊಡನೆ ಕಣ್ಣೆದುರು ಬಂದು ನಿಲ್ಲುವುದು ಪಠ್ಯಪುಸ್ತಕದ ಆ ಚಿತ್ರ. ಬೋಳುತಲೆ, ದಪ್ಪ ಹುಬ್ಬು, ಎದೆಯ ಮೇಲೆ ಇಳಿಬಿದ್ದ ಬಿಳಿಗಡ್ಡ. ನಗುವೆಂಬುದನ್ನೇ ಅರಿಯದ ಋಷಿಯಂತೆ ಕಾಣುವ ಈ ಮನುಷ್ಯ ಒಂದು ಕಾಲಕ್ಕೆ ಬೇಟೆಯ ಹುಚ್ಚು ಹತ್ತಿದ ಪಡ್ಡೆ ಹುಡುಗನಾಗಿದ್ದನೆಂದರೆ ನಂಬುವುದು ಕಷ್ಟ. ಆ ಹುಚ್ಚಿನ ದಿನಗಳಲ್ಲಿ ಹುಳು, ಹಕ್ಕಿ, ನರಿ, ಕಪ್ಪೆಗಳ ಕೈಯಲ್ಲಿ ಆತ ಪಟ್ಟ ಪಾಡುಗಳೋ ಒಂದಕ್ಕಿಂತ ಒಂದು ಸೊಗಸು. ಅವುಗಳಲ್ಲಿ ಬಹುತೇಕವನ್ನು ತಾನೇ ಸಂಕೋಚವಿಲ್ಲದೆ ಬರೆದಿಟ್ಟಿದ್ದಾನೆಂಬುದು ಇನ್ನೂ ಸೊಗಸು.

1809ರ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದ ಡಾರ್ವಿನ್ ಶ್ರೀಮಂತ ವೈದ್ಯರೊಬ್ಬರ ಮಗ. ಎಂಟು ವರ್ಷದವನಿದ್ದಾಗಲೇ ತಾಯಿ ತೀರಿಕೊಂಡಳು. ಶಾಲೆಯ ಗ್ರೀಕ್, ಲ್ಯಾಟಿನ್ ಪಾಠಗಳು ತಲೆಗೆ ಹತ್ತಲಿಲ್ಲ. ಕೋವಿ, ನಾಯಿ ಮತ್ತು ಇಲಿ ಹಿಡಿಯುವುದು, ಇವಿಷ್ಟನ್ನು ಬಿಟ್ಟರೆ ಇವನಿಗೆ ಬೇರೇನೂ ಬೇಡ, ಮನೆತನಕ್ಕೇ ಕಳಂಕ ತರುತ್ತಾನೆಂದು ತಂದೆ ಒಮ್ಮೆ ಸಿಡುಕಿದ್ದುಂಟು. ವೈದ್ಯನಾಗಲೆಂದು 1825ರಲ್ಲಿ ಎಡಿನ್‌ಬರೋಗೆ ಕಳುಹಿಸಿದರೆ, ಅರಿವಳಿಕೆಯಿಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾರದೆ ಹೊರಗೆ ಓಡಿಬಂದ. ಕೊನೆಗೆ ಪಾದ್ರಿಯಾದರೂ ಆಗಲೆಂದು 1828ರಲ್ಲಿ ಕೇಂಬ್ರಿಜ್‌ಗೆ ಸೇರಿಸಲಾಯಿತು. ಅಲ್ಲಿ ಬೇಟೆಯ ಹುಚ್ಚು ಇನ್ನಷ್ಟು ಬಲಿಯಿತು.

ಮೊದಲ ಸ್ನೈಪ್ ಹಕ್ಕಿಯನ್ನು ಹೊಡೆದ ದಿನ ಸಂತೋಷಕ್ಕೆ ಕೈ ನಡುಗಿ ಕೋವಿಗೆ ಮರಳಿ ಮದ್ದು ತುಂಬುವುದೇ ಕಷ್ಟವಾಯಿತಂತೆ. ಮಾವ ಜೋಸಾಯ ವೆಜ್‌ವುಡ್‌ರ ಮೇಯರ್ ಗ್ರಾಮದ ಮನೆಗೆ ಬೇಟೆಗೆ ಹೋದಾಗ, ಬೆಳಗ್ಗೆ ಎದ್ದೊಡನೆ ಅರ್ಧ ನಿಮಿಷವೂ ವ್ಯರ್ಥವಾಗಬಾರದೆಂದು ಬೂಟುಗಳ ಬಾಯಿ ತೆರೆದು ಹಾಸಿಗೆಯ ಪಕ್ಕದಲ್ಲೇ ಇಟ್ಟು ಮಲಗುತ್ತಿದ್ದ. ಇಡೀ ಋತುವಿನಲ್ಲಿ ಹೊಡೆದ ಪ್ರತಿಯೊಂದು ಹಕ್ಕಿಗೂ ಲೆಕ್ಕ ಇಡುವ ಚಟ ಬೇರೆ. ಅಂಗಿಯ ಗುಂಡಿಗೆ ದಾರವೊಂದನ್ನು ಕಟ್ಟಿಕೊಂಡು ಹಕ್ಕಿಗೊಂದರಂತೆ ಗಂಟು ಹಾಕುವುದು ಕ್ರಮ. ವುಡ್‌ಹೌಸ್ ಎಂಬಲ್ಲಿ ಜೊತೆಗಿದ್ದ ಇಬ್ಬರು ಗೆಳೆಯರು ಇದನ್ನು ಗಮನಿಸಿದರು. ಡಾರ್ವಿನ್ ಗುಂಡು ಹಾರಿಸಿ ಹಕ್ಕಿ ಬಿದ್ದಾಗಲೆಲ್ಲ ಅವರಲ್ಲೊಬ್ಬ ತನ್ನ ಕೋವಿಗೆ ಮದ್ದು ತುಂಬುವ ನಟನೆ ಮಾಡಿ, ತಾನೂ ಅದೇ ಹಕ್ಕಿಗೆ ಗುರಿಯಿಟ್ಟಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎನ್ನುತ್ತಿದ್ದ. ಕೆಲವು ಗಂಟೆಗಳ ಮೇಲೆ ಗುಟ್ಟು ಬಿಚ್ಚಿ ಇಬ್ಬರೂ ನಕ್ಕರು. ಡಾರ್ವಿನ್‌ಗೆ ನಗು ಬರಲಿಲ್ಲ. ಹೊಡೆದ ಹಕ್ಕಿಗಳು ಬಹಳ, ಗಂಟುಗಳು ಮಾತ್ರ ಇಲ್ಲ!

ಕೇಂಬ್ರಿಜ್‌ನಲ್ಲಿ ಹಕ್ಕಿಯ ಜೊತೆಗೆ ಜೀರುಂಡೆಯ ಬೇಟೆಯೂ ಸೇರಿಕೊಂಡಿತು. ಒಂದು ದಿನ ಹಳೆಯ ಮರದ ತೊಗಟೆಯನ್ನು ಕಿತ್ತಾಗ ಎರಡು ಅಪರೂಪದ ಜೀರುಂಡೆಗಳು ಕಂಡವು. ಕೈಗೊಂದರಂತೆ ಹಿಡಿದ. ಅಷ್ಟರಲ್ಲಿ ಮೂರನೆಯದು, ಹಿಂದೆಂದೂ ನೋಡದ ಜಾತಿಯದು, ಹೊರಗೆ ಇಣುಕಿತು. ಬಿಡಲು ಮನಸ್ಸಿಲ್ಲ, ಹಿಡಿಯಲು ಮೂರನೆಯ ಕೈಯಿಲ್ಲ. ಬಲಗೈಯಲ್ಲಿದ್ದುದನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡ. ಅದು ಅಲ್ಲಿ ಖಾರವಾದ, ಸುಡುವಂಥ ರಸವನ್ನು ಪಿಚಕಾರಿ ಹೊಡೆದದ್ದೇ ತಡ, ಉಗುಳದೆ ವಿಧಿಯಿರಲಿಲ್ಲ. ಉಗುಳಿದ್ದು ಹೋಯಿತು, ಆ ಗಲಿಬಿಲಿಯಲ್ಲಿ ಮೂರನೆಯದೂ ಹೋಯಿತು. ನಾಲಿಗೆ ಉರಿಯುತ್ತಿದ್ದ ಡಾರ್ವಿನ್ ಮಾತ್ರ ಉಳಿದ.

ಈ ದಿನಗಳಲ್ಲೇ ಬೇರೊಂದು ಬಗೆಯ ಘಟನೆಯೂ ನಡೆಯಿತು. ಹಿಂದಿನ ದಿನ ಬೇಟೆಯಾಡಿದ ಜಾಗದಲ್ಲಿ ಮರುದಿನ ನಡೆಯುತ್ತಿದ್ದಾಗ, ಗುಂಡು ತಗುಲಿಯೂ ಸಾಯದೆ ರಾತ್ರಿಯೆಲ್ಲ ನರಳಿದ್ದ ಹಕ್ಕಿಯೊಂದು ಸಿಕ್ಕಿತು. ಅದು ಆತನ ಮನಸ್ಸನ್ನು ಎಷ್ಟು ಕಲಕಿತೆಂದರೆ ಇನ್ನು ಬೇಟೆಯಾಡುವುದಿಲ್ಲವೆಂದು ಗೆಳೆಯನೊಬ್ಬನೆದುರು ಹೇಳಿಕೊಂಡ. ಮಾತು ಬಹಳ ದಿನ ನಿಲ್ಲಲಿಲ್ಲ ಎನ್ನುವುದನ್ನೂ ಹೇಳಬೇಕು. 1831ರ ಆಗಸ್ಟ್‌ನಲ್ಲಿ ಪ್ರೊಫೆಸರ್ ಸೆಜ್‌ವಿಕ್ ಜೊತೆ ವೇಲ್ಸ್‌ನ ಬೆಟ್ಟಗಳಲ್ಲಿ ಕಲ್ಲುಬಂಡೆಗಳನ್ನು ಅಧ್ಯಯನ ಮಾಡುತ್ತಿದ್ದವನು ಅಲ್ಲಿಂದ ಹೊರಟುಬಂದದ್ದು ಕೌಜುಗದ ಬೇಟೆಯ ಋತು ಆರಂಭವಾಗುವ ಸೆಪ್ಟೆಂಬರ್ 1 ತಪ್ಪಿಹೋಗಬಾರದೆಂದೇ.

ಮನೆಗೆ ಬಂದರೆ ಗುರು ಹೆನ್ಸ್ಲೊ ಕಡೆಯಿಂದ ಪತ್ರ ಕಾದಿತ್ತು. ಬೀಗಲ್ ಹಡಗಿನಲ್ಲಿ ಪ್ರಪಂಚ ಸುತ್ತಲು ಪ್ರಕೃತಿ ವಿಜ್ಞಾನಿಯೊಬ್ಬ ಬೇಕಿದೆ ಎಂಬ ಕರೆ ಅದು. ತಂದೆ ಒಪ್ಪಲಿಲ್ಲ. ವಿವೇಕಿಯಾದ ಯಾರಾದರೂ ಒಬ್ಬರು ಹೋಗೆಂದು ಹೇಳಿದರೆ ಮಾತ್ರ ಒಪ್ಪಿಗೆ ಎಂಬ ಸಣ್ಣ ಕಿಂಡಿಯನ್ನಷ್ಟೇ ತೆರೆದಿಟ್ಟರು. ಡಾರ್ವಿನ್ ಬರಲಾಗದೆಂದು ಉತ್ತರ ಬರೆದು, ಬೇಟೆಗೆಂದು ಮಾವನ ಮನೆಗೆ ನಡೆದ. ಆ ವಿವೇಕಿ ಸಿಕ್ಕಿದ್ದು ಅಲ್ಲಿಯೇ. ಸೆಪ್ಟೆಂಬರ್ 1ರ ಬೆಳಗ್ಗೆ ಕೋವಿ ಹಿಡಿದು ಹೊರಟಿದ್ದ ಅಳಿಯನನ್ನು ಮಾವ ಹೇಳಿಕಳುಹಿಸಿ ಕರೆಸಿಕೊಂಡರು. ಗಾಡಿಯಲ್ಲಿ ಶ್ರೂಸ್‌ಬರಿಗೆ ಕರೆದೊಯ್ದು ತಂದೆಯನ್ನು ಒಪ್ಪಿಸಿದರು. ಕೌಜುಗಗಳ ಪಾಲಿಗೆ ಶುಭದಿನ ಅದು. 1831ರ ಡಿಸೆಂಬರ್ 27ರಂದು ಬೀಗಲ್ ಪ್ಲಿಮತ್‌ನಿಂದ ಹೊರಟಿತು.

ಮೊದಲ ಅವಮಾನ ಆದದ್ದು ಕೇಪ್ ವರ್ಡ್ ದ್ವೀಪಗಳಲ್ಲಿ, ಕೆಲವೇ ವಾರಗಳಲ್ಲಿ. ಕಡಲಂಚಿನ ಬಂಡೆಗಳ ನಡುವೆ ಬಗ್ಗಿ ಜಲಚರಗಳನ್ನು ಹುಡುಕುತ್ತಿದ್ದಾಗ ಸರ್ರೆಂದು ನೀರು ಮುಖಕ್ಕೆ ಚಿಮ್ಮಿತು. ಕಲ್ಲಿನ ಸಂದಿಯಲ್ಲಿ ಬಣ್ಣ ಬದಲಿಸುತ್ತ ಅವಿತಿದ್ದ ಆಕ್ಟೋಪಸ್‌ನ ಸ್ವಾಗತ ಅದು. ಹೀಗೆ ಚಿಮ್ಮಿಸಿದ ನೀರಿನ ಜಾಡು ಹಿಡಿದೇ ಅದರ ಅಡಗುದಾಣವನ್ನು ಪತ್ತೆಹಚ್ಚಿದನೆಂಬುದು ಬೇರೆ ಮಾತು.

ದಕ್ಷಿಣ ಅಮೆರಿಕದ ಬಯಲುಗಳಲ್ಲಿ ಗೌಚೊ ಎಂಬ ಕುದುರೆ ಸವಾರರು ಬೋಲಾಸ್ ಬೀಸಿ ಪ್ರಾಣಿಗಳನ್ನು ಹಿಡಿಯುತ್ತಿದ್ದರು. ತೊಗಲಿನ ಹಗ್ಗದ ತುದಿಗಳಿಗೆ ಗುಂಡುಕಲ್ಲು ಕಟ್ಟಿದ ಆಯುಧ ಅದು. ಗಿರಗಿರನೆ ತಿರುಗಿಸಿ ಎಸೆದರೆ ಪ್ರಾಣಿಯ ಕಾಲಿಗೆ ಸುತ್ತಿಕೊಂಡು ಕೆಡವುತ್ತದೆ. ಡಾರ್ವಿನ್ ತಾನೂ ಕಲಿಯಲು ಹೊರಟ. ಕುದುರೆಯನ್ನು ಓಡಿಸುತ್ತ ತಲೆಯ ಮೇಲೆ ತಿರುಗಿಸುತ್ತಿದ್ದಾಗ ಒಂದು ಗುಂಡು ಪೊದೆಗೆ ಬಡಿದು ಕೆಳಗೆ ಬಿತ್ತು, ತನ್ನ ಕುದುರೆಯ ಹಿಂಗಾಲಿಗೇ ಸುತ್ತಿಕೊಂಡಿತು. ಇನ್ನೊಂದು ಕೈಯಿಂದ ಜಾರಿತು. ಕುದುರೆ ಸೆರೆಯಾಯಿತು! ಅನುಭವಿಯಾದ ಮುದಿ ಕುದುರೆಯಾದ್ದರಿಂದ ಒದ್ದಾಡದೆ ನಿಂತು ಸವಾರನ ಮೂಳೆ ಉಳಿಸಿತು. ಗೌಚೊಗಳು ಬಿದ್ದು ಬಿದ್ದು ನಕ್ಕರು. ಎಲ್ಲ ಬಗೆಯ ಪ್ರಾಣಿಗಳು ಸಿಕ್ಕಿಬೀಳುವುದನ್ನು ಅವರು ಕಂಡಿದ್ದರು, ಮನುಷ್ಯ ತನ್ನನ್ನೇ ತಾನು ಹಿಡಿದುಕೊಂಡದ್ದನ್ನು ಕಂಡಿರಲಿಲ್ಲ.

ಮಾಲ್ಡೊನಾಡೊದ ಒಣನೆಲದಲ್ಲಿ ಕಪ್ಪು ಮೈ, ಕೆಂಪು ಹೊಟ್ಟೆಯ ಪುಟ್ಟ ಕಪ್ಪೆಯೊಂದು ಸಿಕ್ಕಿತು. ಸುಡುವ ಬಿಸಿಲಲ್ಲಿ ಒಣಮರಳಿನ ಮೇಲೆ ಕುಪ್ಪಳಿಸುತ್ತಿದ್ದ ಅದರ ಮೇಲೆ ಕನಿಕರ ಹುಟ್ಟಿತು. ಪಾಪ, ತಣ್ಣೀರು ಕಂಡು ಎಷ್ಟು ದಿನವಾಯಿತೋ ಎಂದು ಎತ್ತಿಕೊಂಡು ಹೋಗಿ ನೀರಿನ ಹೊಂಡಕ್ಕೆ ಬಿಟ್ಟ. ಕಪ್ಪೆಗೆ ಈಜೇ ಬಾರದು. ಉಪಕಾರ ಮಾಡಲು ಹೋದವನೇ ಮತ್ತೆ ನೀರಿಗೆ ಕೈ ಹಾಕಿ ಅದರ ಪ್ರಾಣ ಉಳಿಸಬೇಕಾಯಿತು.

ಫಾಕ್‌ಲ್ಯಾಂಡ್ ದ್ವೀಪದಲ್ಲಿ ಪೆಂಗ್ವಿನ್ ಒಂದರೊಡನೆ ನಡೆದ ಕಾಳಗದಲ್ಲಿ ಡಾರ್ವಿನ್ ಸೋತದ್ದು ನಿರ್ವಿವಾದ. ಹಕ್ಕಿಗೂ ಕಡಲಿಗೂ ನಡುವೆ ನಿಂತು, ಏನು ಮಾಡುತ್ತದೋ ನೋಡೋಣ ಎಂದುಕೊಂಡ. ಅದು ಹೆದರಿ ಓಡಲಿಲ್ಲ. ಎದೆ ಸೆಟೆಸಿ ನಿಂತು, ತಲೆಯನ್ನು ಆಚೀಚೆ ವಿಚಿತ್ರವಾಗಿ ಹೊರಳಿಸುತ್ತ ಆತನನ್ನು ಹಿಂದೆ ಹಿಂದೆ ದಬ್ಬುತ್ತ ಬಂದಿತು. ಗೆದ್ದ ಅಂಗುಲ ನೆಲವನ್ನೂ ಬಿಟ್ಟುಕೊಡಲಿಲ್ಲ. ಕೊನೆಗೆ ಕಡಲು ಸೇರಿಯೇ ಸೇರಿತು. ಕತ್ತೆಯಂತೆ ಕಿರುಚುವ ಈ ಹಕ್ಕಿಯ ಧೈರ್ಯವನ್ನು ಸೋತವನು ಮನಸಾರೆ ಮೆಚ್ಚಿದ್ದಾನೆ.

ಎಲ್ಲ ಪ್ರಾಣಿಗಳಿಗೂ ಆ ಅದೃಷ್ಟವಿರಲಿಲ್ಲ. 1834ರ ಡಿಸೆಂಬರ್‌ನಲ್ಲಿ ಚಿಲಿಯ ಚಿಲೋಯೆ ಬಳಿಯ ಸ್ಯಾನ್ ಪೆಡ್ರೊ ದ್ವೀಪದಲ್ಲಿ ಹಡಗಿನ ಅಧಿಕಾರಿಗಳು ಉಪಕರಣ ಹೂಡಿ ಅಳತೆ ಮಾಡುತ್ತಿದ್ದರು. ಬಂಡೆಯ ಮೇಲೆ ಕುಳಿತ ನರಿಯೊಂದು ಆ ಕೆಲಸವನ್ನೇ ತದೇಕಚಿತ್ತದಿಂದ ನೋಡುತ್ತಿತ್ತು. ಡಾರ್ವಿನ್ ಸದ್ದಿಲ್ಲದೆ ಹಿಂದಿನಿಂದ ಹೋಗಿ ಕಲ್ಲೊಡೆಯುವ ಸುತ್ತಿಗೆಯಿಂದ ತಲೆಗೆ ಹೊಡೆದ. ವೈಜ್ಞಾನಿಕ ಕುತೂಹಲ ಹೆಚ್ಚಾಗಿ, ಜಾಣತನ ಕಡಿಮೆಯಾದ ನರಿ ಎಂದು ಆಮೇಲೆ ತಮಾಷೆಯಾಗಿ ಬರೆದ. ಇಂದು ಆ ಜಾತಿಗೆ ಡಾರ್ವಿನ್ ನರಿ ಎಂದೇ ಹೆಸರು. ಚಿಲೋಯೆ ದ್ವೀಪ ಮತ್ತು ಚಿಲಿಯ ಕೆಲವೇ ಕಾಡುಗಳಲ್ಲಿ ಉಳಿದಿರುವ, ಅಳಿವಿನ ಅಂಚಿನಲ್ಲಿರುವ ಪ್ರಾಣಿ ಅದು. ಓದಿ ನಕ್ಕವರಿಗೆ ಆ ನಗು ಅರ್ಧದಲ್ಲೇ ನಿಲ್ಲುತ್ತದೆ.

1835ರ ಸೆಪ್ಟೆಂಬರ್‌ನಲ್ಲಿ ಗಲಪಗೋಸ್ ತಲಪಿದಾಗ ಕೋವಿಯೇ ನಿರುಪಯೋಗಿಯಾಯಿತು. ಮರದ ಕೊಂಬೆಯ ಮೇಲಿದ್ದ ಗಿಡುಗವನ್ನು ಡಾರ್ವಿನ್ ಕೋವಿಯ ನಳಿಗೆಯಿಂದಲೇ ತಳ್ಳಿದ. ಆಮೆಯ ಚಿಪ್ಪಿನ ಪಾತ್ರೆಯಲ್ಲಿ ನೀರು ಹಿಡಿದು ಒರಗಿದ್ದಾಗ ಮಾಕಿಂಗ್ ಬರ್ಡ್ ಒಂದು ಅದರ ಅಂಚಿನ ಮೇಲೆ ಬಂದು ಕುಳಿತು ನೀರು ಗುಟುಕರಿಸಿತು. ಪಾತ್ರೆಯನ್ನು ಮೇಲೆತ್ತಿದರೂ ಹಾರಲಿಲ್ಲ. ನೆಲದ ಇಗ್ವಾನವೊಂದು ಬಿಲ ತೋಡುತ್ತ ಅರ್ಧ ಮೈ ಒಳಗೆ ಹೋಗುವವರೆಗೂ ಕಾದು ಬಾಲ ಹಿಡಿದೆಳೆದ. ಅದು ಬೆರಗಾಗಿ ಹೊರಗೆ ಬಂದು, ಯಾಕಪ್ಪಾ ಎಳೆದೆ ಎನ್ನುವ ಹಾಗೆ ಮುಖವನ್ನೇ ದಿಟ್ಟಿಸಿತು. ಕಡಲ ಇಗ್ವಾನವನ್ನು ಮತ್ತೆ ಮತ್ತೆ ನೀರಿಗೆ ಎಸೆದರೆ ಅದು ಪ್ರತಿ ಸಲವೂ ನೇರವಾಗಿ ಎಸೆದವನ ಕಾಲಬುಡಕ್ಕೇ ಮರಳಿತು. ನೀರಿನಲ್ಲಿ ಶಾರ್ಕ್‌ನ ಭಯ, ನೆಲದ ಮೇಲೆ ಶತ್ರುವೇ ಇಲ್ಲ, ಆದ್ದರಿಂದ ನೆಲವೇ ಕ್ಷೇಮವೆಂದು ಅದರ ವಂಶಕ್ಕೆ ಗೊತ್ತು ಎಂಬುದು ಆತನ ತರ್ಕ. ದೈತ್ಯ ಆಮೆಗಳ ಬೆನ್ನೇರಿ ಸವಾರಿ ಮಾಡಲು ಹೋಗಿ ತೋಲ ತಪ್ಪಿದ್ದಂತೂ ಎಷ್ಟು ಸಲವೋ.

ಮಕ್ಕಳಾಟದಂತೆ ಕಾಣುವ ಇಲ್ಲಿಯೇ ಗಂಭೀರವಾದ ಪ್ರಶ್ನೆಯೊಂದು ಹುಟ್ಟಿತು. ಮನುಷ್ಯನನ್ನು ಕಂಡರೆ ಹಕ್ಕಿಗಳು ಹೆದರುವುದೇಕೆ? ಹುಟ್ಟಿನಿಂದಲೇ ಬರುವ ಭಯವಾದರೆ ಇಲ್ಲೇಕಿಲ್ಲ? ಈ ಭಯ ಒಂದೆರಡು ಏಟು ತಿಂದೊಡನೆ ಬರುವುದಲ್ಲ, ತಲೆಮಾರುಗಳ ಮೇಲೆ ವಂಶದಲ್ಲಿ ನೆಲೆಯೂರುವ ಸಹಜಪ್ರವೃತ್ತಿ ಎಂಬ ನಿರ್ಧಾರಕ್ಕೆ ಆತ ಬಂದ. ಅದನ್ನು ಕಲಿಯುವಷ್ಟು ಕಾಲ ಸಿಗದ ಪ್ರಾಣಿಗಳ ಗತಿಯೇನು? ಫಾಕ್‌ಲ್ಯಾಂಡ್‌ನ ತೋಳದಂಥ ನರಿ ಮಾಂಸದ ತುಂಡು ತೋರಿಸಿದರೆ ಹತ್ತಿರ ಬಂದು, ಇನ್ನೊಂದು ಕೈಯಲ್ಲಿದ್ದ ಚೂರಿಗೆ ಬಲಿಯಾಗುತ್ತಿತ್ತು. ಅದು ಡೋಡೋ ಹಕ್ಕಿಯ ಹಾದಿ ಹಿಡಿಯುವುದು ಖಚಿತವೆಂದು ಡಾರ್ವಿನ್ ಬರೆದ. 1876ರ ಹೊತ್ತಿಗೆ, ಆತ ಬದುಕಿರುವಾಗಲೇ, ಅದು ನಿರ್ನಾಮವಾಯಿತು.

ಡಾರ್ವಿನ್ ಎಲ್ಲವನ್ನೂ ಅಲ್ಲೇ ಕಂಡುಕೊಂಡನೆಂದು ಹೇಳುವುದು ವಾಡಿಕೆ. ನಿಜಸಂಗತಿ ಹಾಗಿಲ್ಲ. ಯಾವ ದ್ವೀಪದ ಆಮೆ ಎಂದು ನೋಡಿದ ಮಾತ್ರಕ್ಕೆ ಹೇಳಬಲ್ಲೆನೆಂದು ಅಲ್ಲಿನ ಉಪ ರಾಜ್ಯಪಾಲ ಲಾಸನ್ ತಿಳಿಸಿದಾಗ ಆತ ಕಿವಿಗೊಡಲಿಲ್ಲ. ಹಡಗಿಗೆ ಹೇರಿದ ಆಮೆಗಳನ್ನು ಎಲ್ಲರೂ ತಿಂದು ಚಿಪ್ಪುಗಳನ್ನು ಕಡಲಿಗೆಸೆದರು. ಫಿಂಚ್ ಹಕ್ಕಿಗಳನ್ನು ದ್ವೀಪವಾರು ಗುರುತಿಸದೆ ಬೆರೆಸಿಬಿಟ್ಟದ್ದಂತೂ ದೊಡ್ಡ ಪ್ರಮಾದ. ಒಂದೊಂದು ಹಕ್ಕಿಗೂ ದಾರದಲ್ಲಿ ಗಂಟು ಹಾಕುತ್ತಿದ್ದವನು, ಲೆಕ್ಕ ನಿಜವಾಗಿಯೂ ಬೇಕಾಗಿದ್ದ ಜಾಗದಲ್ಲಿ ಮರೆತಿದ್ದ! 1837ರಲ್ಲಿ ಪಕ್ಷಿತಜ್ಞ ಜಾನ್ ಗೂಲ್ಡ್ ಅವು ಬೇರೆ ಬೇರೆ ಜಾತಿಗಳೆಂದು ತಿಳಿಸಿದಾಗ, ಕ್ಯಾಪ್ಟನ್ ಫಿಟ್ಜ್‌ರಾಯ್ ಮತ್ತು ತನ್ನ ಸೇವಕ ಸಿಮ್ಸ್ ಕೋವಿಂಗ್ಟನ್ ಸಂಗ್ರಹಿಸಿದ್ದ ಹಕ್ಕಿಗಳ ಚೀಟಿಗಳನ್ನು ನೋಡಿ ತಪ್ಪು ತಿದ್ದಿಕೊಳ್ಳಬೇಕಾಯಿತು. ಮಾಕಿಂಗ್ ಬರ್ಡ್‌ಗಳನ್ನು ಮಾತ್ರ ದ್ವೀಪವಾರು ಬೇರ್ಪಡಿಸಿಟ್ಟಿದ್ದುದು ಪುಣ್ಯ.

ಇದೇ ಕೋವಿಂಗ್ಟನ್ ಕೈಗೆ ಪ್ರವಾಸದ ನಡುವೆ ಕೋವಿ ದಾಟಿತ್ತು. ಮೊದಮೊದಲು ಹಕ್ಕಿಗಳನ್ನು ತಾನೇ ಹೊಡೆಯುತ್ತಿದ್ದ ಡಾರ್ವಿನ್ ಬರಬರುತ್ತ ಆ ಕೆಲಸವನ್ನು ಸೇವಕನಿಗೆ ಬಿಟ್ಟುಕೊಟ್ಟ. ನೋಡುವ, ಯೋಚಿಸುವ ಸುಖದೆದುರು ಹೊಡೆಯುವ ಸುಖ ಸಪ್ಪೆಯೆನಿಸಿತ್ತು.

1836ರ ಅಕ್ಟೋಬರ್ 2ರಂದು ಬೀಗಲ್ ಇಂಗ್ಲೆಂಡಿಗೆ ಮರಳಿತು. 1839ರಲ್ಲಿ ಆ ಮಾವನ ಮಗಳು ಎಮ್ಮಾಳೊಂದಿಗೆ ಮದುವೆ, ಅದೇ ವರ್ಷ ಪ್ರವಾಸ ಕಥನದ ಪ್ರಕಟಣೆ. 1842ರಿಂದ ಕೊನೆಯವರೆಗೂ ಡೌನ್ ಗ್ರಾಮದ ಮನೆ, ಬಿಡದ ಅನಾರೋಗ್ಯ. 1859ರಲ್ಲಿ ಜೀವಿಗಳ ಉಗಮದ ಕುರಿತ ಮಹಾಗ್ರಂಥ ಹೊರಬಂದು ಲೋಕವನ್ನೇ ಅಲುಗಿಸಿತು. ಮುಪ್ಪಿನಲ್ಲಿ ಎರೆಹುಳುಗಳಿಗೆ ಕಿವಿ ಕೇಳಿಸುತ್ತದೆಯೇ ಎಂದು ತಿಳಿಯಲು ಮಗನಿಂದ ಬಸೂನ್ ವಾದ್ಯ ಊದಿಸಿ, ಹೆಂಡತಿಯಿಂದ ಪಿಯಾನೊ ನುಡಿಸಿದ. ಹುಳುಗಳು ಸಂಗೀತಕ್ಕೆ ಜಗ್ಗಲಿಲ್ಲ. ಆ ಎರೆಹುಳುಗಳ ಪುಸ್ತಕ 1881ರಲ್ಲಿ ಪ್ರಕಟವಾಯಿತು. ಮರುವರ್ಷ, ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡ. ವೆಸ್ಟ್‌ಮಿನ್ಸ್‌ಟರ್ ಅಬೆಯಲ್ಲಿ ಸಮಾಧಿಯಾಯಿತು.

ಮಗ ಫ್ರಾನ್ಸಿಸ್ ತಂದೆಯ ನೆನಪುಗಳಲ್ಲಿ ಒಂದು ಸಂಗತಿಯನ್ನು ದಾಖಲಿಸಿದ್ದಾನೆ. ಡಾರ್ವಿನ್ ಡೌನ್‌ನ ಮನೆಯ ಸುತ್ತ ಏಕಾಂಗಿಯಾಗಿ ಅಡ್ಡಾಡುವಾಗ, ಹಕ್ಕಿಗಳನ್ನೋ ಪ್ರಾಣಿಗಳನ್ನೋ ನೋಡಲೆಂದು ಮರಗಳ ನಡುವೆ ಅಲುಗಾಡದೆ ನಿಂತುಬಿಡುತ್ತಿದ್ದ. ಹಾಗೆ ನಿಂತಿದ್ದಾಗ ಒಮ್ಮೆ ಅಳಿಲು ಮರಿಗಳು ಮರವೆಂದೇ ಭಾವಿಸಿದವೋ ಏನೋ, ಆತನ ಕಾಲು, ಬೆನ್ನುಗಳ ಮೇಲೆಲ್ಲ ಓಡಿ ಹತ್ತಿದವು. ತಾಯಿ ಅಳಿಲು ಮಾತ್ರ ಮರದ ಮೇಲಿನಿಂದ ಗಾಬರಿಯಲ್ಲಿ ಒಂದೇ ಸಮನೆ ಕೂಗುತ್ತಿತ್ತು.